ಇಂಜಿನ್ ‘ಇಳಿಸು’, ‘ಬಿಚ್ಚು’, ‘ಕಳಚು’: ಬರಹದಲ್ಲಿ ಯಾವುದು ಸರಿ?

ಮನೆಯಂಗಳದಲ್ಲೇ ಬೈಕ್ ರಿಪೇರಿ ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫ್ರೇಮಿನಿಂದ ಇಂಜಿನ್ ಬೇರೆ ಮಾಡುವ ಅಧ್ಯಾಯದಲ್ಲಿ ಕ್ರಿಯಾಪದಗಳು ಕಾಲಿಗೆ ತೊಡರುತ್ತಿವೆ. ಪುಸ್ತಕದ ಕನ್ನಡದಲ್ಲಿ ಎಲ್ಲದಕ್ಕೂ ‘ತೆಗೆಯಿರಿ’ ಅಂದರೆ ಆಯಿತು. ಗ್ಯಾರೇಜಿನವರಿಗೆ ಅಷ್ಟು ಸಾಲದು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಿಂದ ಹಿಡಿದು ತೀರ್ಥಹಳ್ಳಿ, ಹೊಸನಗರದ ಒಂಟಿ ಶೆಡ್ಡುಗಳವರೆಗೆ ನನ್ನ ಕಿವಿಗೆ ಬಿದ್ದದ್ದು ಹೀಗೆ: ‘ಇಂಜಿನ್ ಬಿಚ್ಚಬೇಕು’ ಎಂದರೆ ಹೆಡ್ಡು (ಇಂಜಿನ್ನಿನ ಮೇಲಿನ ಮುಚ್ಚಳ), ಬ್ಲಾಕು (ಪಿಸ್ಟನ್ ಓಡಾಡುವ ಸಿಲಿಂಡರ್) ತೆಗೆದು ಒಳಗೆ ನೋಡಬೇಕು, ಇಂಜಿನ್ ಗಾಡಿಯಲ್ಲೇ ಇರುತ್ತದೆ. ‘ಇಳಿಸಬೇಕು’ ಎಂದರೆ ಇಂಜಿನ್ನನ್ನು ಫ್ರೇಮಿಗೆ ಬಿಗಿದ ಫೌಂಡೇಶನ್ ಬೋಲ್ಟ್ ತೆಗೆದು ಇಡೀ ಇಂಜಿನ್ ನೆಲಕ್ಕೆ. ಯಮಹಾ ಆರ್‌ಎಕ್ಸ್ 100 ಬೈಕಿನ ಪಿಸ್ಟನ್ ರಿಂಗ್ ಬದಲಿಸಲು ಬಿಚ್ಚಿದರೆ ಸಾಕು. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಬೇರಿಂಗ್ ಸದ್ದು ಮಾಡಿದರೆ ಇಳಿಸದೆ ಗತಿಯಿಲ್ಲ, ಆ ದಂಡವನ್ನು ಸುತ್ತುವರಿದ ಕ್ರ್ಯಾಂಕ್‌ಕೇಸನ್ನು ಎಡ ಬಲ ಎರಡು ಹೋಳು ಮಾಡಬೇಕಲ್ಲ. “ಇಳ್ಸದೇನೂ ಬ್ಯಾಡ ಮಾರ್ರೆ, ಹಾಫ್ ಇಂಜಿನ್ ಸಾಕು” ಎಂಬ ಮಾತಿಗೆ ಗಿರಾಕಿ ಉಸಿರು ಬಿಡುವುದು ಅದಕ್ಕೇ. ಹಾಫ್ ಇಂಜಿನ್ ಅಂದರೆ ಹೆಡ್ಡು, ಬ್ಲಾಕಿನ ಕೆಲಸ ಮಾತ್ರ. ಇಳಿಸಿ ಕ್ರ್ಯಾಂಕ್‌ಕೇಸನ್ನೂ ಬಿಚ್ಚುವ ಫುಲ್ ಇಂಜಿನ್ ಅಂದರೆ ಜೇಬಿನ ಲೆಕ್ಕವೇ ಬೇರೆ.

‘ಸಡಿಲಿಸು’ ಇನ್ನೂ ಸೂಕ್ಷ್ಮ. ಚೈನ್ ಎಳೆಯುವ ಹಲ್ಲಿನ ಚಕ್ರ, ಅಂದರೆ ಮುಂದಿನ ಸ್ಪ್ರಾಕೆಟ್‌ಗೆ ದೊಡ್ಡ ನಟ್ಟು ಇರುವ ಗಾಡಿಗಳಲ್ಲಿ ಅದನ್ನು ಇಂಜಿನ್ ಇಳಿಸುವ ಮೊದಲೇ ಲೂಸ್ ಮಾಡಿಕೊಳ್ಳಬೇಕು. ಚೈನ್ ಇದ್ದು, ಒಬ್ಬರು ಹಿಂದಿನ ಬ್ರೇಕ್ ತುಳಿದು ಹಿಡಿದರೆ ಸ್ಪ್ರಾಕೆಟ್ ಕೂತಿರುವ ಶಾಫ್ಟ್ ಅಲುಗುವುದಿಲ್ಲ, ನಟ್ಟು ಬರುತ್ತದೆ. ಇಂಜಿನ್ ಕೆಳಗಿಟ್ಟ ಮೇಲೆ ಪಾನಾ ಹಾಕಿದರೆ ನಟ್ಟಿನ ಜೊತೆ ಶಾಫ್ಟೂ ತಿರುಗುತ್ತದೆ. “ಲೂಸ್ ಮಾಡಿ ಬಿಡು, ಬಿಚ್ಬೇಡ” ಎಂದು ಮೇಸ್ತ್ರಿ ಹುಡುಗನಿಗೆ ಹೇಳುವ ಈ ಮಾತನ್ನು ‘ತೆಗೆಯಿರಿ’ ಎಂದು ಬರೆದರೆ ಓದುವವನ ಕೆಲಸ ಕೆಟ್ಟಂತೆಯೇ.

‘ಇಳಿಸು’ವಿನಲ್ಲಿ ಒಂದು ಚೋದ್ಯವಿದೆ. ಹಳೆಯ ಪೆಟ್ರೋಲ್ ಬಜಾಜ್ ಚೇತಕ್‌ನಂಥ ಸ್ಕೂಟರಿನಲ್ಲಿ ಇಂಜಿನ್ ಹಿಂದಿನ ಚಕ್ರದ ಸಮೇತ ನಿಜಕ್ಕೂ ಕೆಳಕ್ಕೇ ಇಳಿಯುತ್ತದೆ. ಆದರೆ ಫ್ರೇಮಿನ ಪೈಪುಗಳು ಇಂಜಿನ್ನಿನ ಅಡಿಯಿಂದ ಹಾದುಹೋಗುವ ಬೈಕುಗಳಲ್ಲಿ ಅದನ್ನು ಎತ್ತಿ, ಓರೆ ಮಾಡಿ, ಪಕ್ಕಕ್ಕೆ ಎಳೆಯಬೇಕು. ಅಲ್ಲಿಯೂ ಹೇಳುವುದು ಇಳಿಸು ಎಂದೇ. ಅಡಿಕೆ ಕೊನೆ ಇಳಿಸುವ, ಒಲೆಯಿಂದ ಅನ್ನ ಇಳಿಸುವ ಊರಿನವರಿಗೆ ಇದ್ದ ಜಾಗದಿಂದ ಕೆಳಗೆ ಬಂದರಾಯಿತು, ದಾರಿ ಯಾವುದಾದರೇನು.

ವಿರುದ್ಧಪದವೂ ‘ಏರಿಸು’ ಅಲ್ಲ, ‘ಕೂರಿಸು’. ಬೇರಿಂಗ್ ಕೂರಿಸು, ಇಂಜಿನ್ ಕೂರಿಸು. (ಗಣಪತಿಯನ್ನೂ ಕೂರಿಸುತ್ತೇವೆ, ಆದರೆ ಅವನನ್ನು ಬಿಡುತ್ತೇವೆ.)

‘ಕಳಚು’ ಬಳಸಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಓಡುವ ಗಾಡಿಯ ಚೈನ್ ಕಳಚುತ್ತದೆ, ಕ್ಲಚ್ ಕೇಬಲ್ಲಿನ ತುದಿ ಕಳಚುತ್ತದೆ. ತಾನಾಗಿ ಬಿಟ್ಟುಕೊಳ್ಳುವುದಕ್ಕೆ ಅದು ಹೊಂದುತ್ತದೆ. ಮಳೆಗಾಲ ಕಂಡು ತುಕ್ಕು ಹಿಡಿದು ಕಚ್ಚಿಕೊಂಡ ಫೌಂಡೇಶನ್ ಬೋಲ್ಟನ್ನು ಎಣ್ಣೆ ಬಿಟ್ಟು, ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ಹೊರಡಿಸುವ ಕೆಲಸಕ್ಕೆ ‘ಕಳಚು’ ಬಹಳ ಮೆದುವಾಯಿತು.

ಹಾಗಾಗಿ ಸಡಿಲಿಸು, ಬಿಚ್ಚು, ಇಳಿಸು, ಕೂರಿಸು ಈ ನಾಲ್ಕನ್ನೇ ಕೈಪಿಡಿಯ ಉದ್ದಕ್ಕೂ ಇಟ್ಟುಕೊಳ್ಳುವ ಯೋಚನೆ. ಹುಬ್ಬಳ್ಳಿ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ‘ಇಂಜಿನ್ ಇಳಿಸು’ ಎಂದರೆ ಇದೇ ಅರ್ಥವೇ? ಕ್ರ್ಯಾಂಕ್‌ಕೇಸ್ ಹೋಳು ಮಾಡುವುದಕ್ಕೆ ‘ಫುಲ್ ಇಂಜಿನ್ ಬಿಚ್ಚು’ ಬಿಟ್ಟು ಬೇರೆ ಮಾತು ಯಾರಾದರೂ ಕೇಳಿದ್ದರೆ, ಯಾವ ಊರಿನಲ್ಲಿ ಎಂಬುದನ್ನೂ ಸೇರಿಸಿ ತಿಳಿಸಿ.