ಐದು ಜೀನ್ ಮೆಥೈಲೇಶನ್: ರಕ್ತದ ಸ್ಯಾಂಪಲ್‌ಗಳಲ್ಲಿ ಎಲ್ಲರ ವಯಸ್ಸೂ ಜಾಸ್ತಿ ಬರುತ್ತಿದೆ, ಎಲ್ಲಿ ನೋಡಬೇಕು?

ಹೇಮಾವತಿ_ತೀರ:
ನಮಸ್ಕಾರ. ಎಂಎಸ್ಸಿ ಫೊರೆನ್ಸಿಕ್ ಪ್ರಾಜೆಕ್ಟ್‌ಗೆ ರಕ್ತದ ಡಿಎನ್‌ಎಯಿಂದ ವಯಸ್ಸು ಅಂದಾಜು ಮಾಡುತ್ತಿದ್ದೇನೆ. ಒಪ್ಪಿಗೆ ಕೊಟ್ಟವರದ್ದೇ ಸ್ಯಾಂಪಲ್, ಹುಟ್ಟಿದ ತಾರೀಖು ಗೊತ್ತಿದೆ. ಎಲೋವಲ್2, ಎಫ್‌ಎಚ್‌ಎಲ್2, ಕೆಎಲ್‌ಎಫ್14, ಟ್ರಿಮ್59, ಸಿ1ಆರ್ಫ್132 ಜೀನ್‌ಗಳಲ್ಲಿ ಮೆಥೈಲೇಶನ್, ಅಂದರೆ ಡಿಎನ್‌ಎಯ ಸಿ ಬೇಸ್‌ಗೆ ಮೆಥೈಲ್ ಗುಂಪು ಅಂಟಿರುವುದು ಶೇಕಡಾ ಎಷ್ಟು ಅಂತ ಸ್ನ್ಯಾಪ್‌ಶಾಟ್‌ನಲ್ಲಿ (ಬೇಸ್‌ಗಳನ್ನು ಬಣ್ಣದಿಂದ ಗುರುತಿಸುವ ವಿಧಾನ) ಅಳೆದೆ. ಪೋಲೆಂಡಿನ ತಂಡ 2015ರಲ್ಲಿ ಕೊಟ್ಟ ಸೂತ್ರಕ್ಕೆ ಆ ಶೇಕಡಾಗಳನ್ನು ಹಾಕಿದರೆ 24 ವರ್ಷದವರಿಗೆ 35 ಬರುತ್ತದೆ. ಬಹುತೇಕ ಎಲ್ಲರದ್ದೂ ಹೀಗೇ. ಎಲ್ಲದರಿಂದ ಹತ್ತು ಕಳೆದರೆ ಸರಿಹೋಗುತ್ತಾ?

ಹಳೇಬೆಂಚು:
ದಯವಿಟ್ಟು ಕಳೆಯಬೇಡಿ ಮೇಡಂ. ಇವತ್ತಿನ ಸ್ಯಾಂಪಲ್‌ಗೆ ಸರಿ ಕಂಡರೂ 60 ದಾಟಿದವರಲ್ಲಿ ಕೈಕೊಡುತ್ತದೆ.

ಆ ಸೂತ್ರ ಪೈರೋಸೀಕ್ವೆನ್ಸಿಂಗ್‌ನ ಅಂಕಿಗಳ ಮೇಲೆ ಕಟ್ಟಿದ್ದು. ಅಲ್ಲಿ ಬೇಸ್ ಸೇರಿದಷ್ಟೂ ಬೆಳಕು ಬರುತ್ತದೆ, ಸಿ (ಮೆಥೈಲ್ ಆದದ್ದು) ಎಷ್ಟು ಟಿ (ಮೆಥೈಲ್ ಇಲ್ಲದ್ದು) ಎಷ್ಟು ಅನ್ನೋದು ನೇರವಾಗಿ ಸಿಗುತ್ತದೆ. ಸ್ನ್ಯಾಪ್‌ಶಾಟ್‌ನಲ್ಲಿ ನಾಲ್ಕು ಬೇಸ್‌ಗೆ ನಾಲ್ಕು ಬಣ್ಣ, ನಾಲ್ಕರ ಹೊಳಪೂ ಒಂದೇ ಅಲ್ಲ. ಅರ್ಧ ಮೆಥೈಲ್ ಆದ ಸ್ಯಾಂಪಲ್ ಕೊಟ್ಟರೂ ಪೀಕ್‌ಗಳು (ಗ್ರಾಫಿನಲ್ಲಿ ಕಾಣುವ ಬಣ್ಣದ ಏರುಗಳು) 50 ತೋರಿಸುವುದಿಲ್ಲ. ಸೂತ್ರ ಯಾವ ವಿಧಾನದಲ್ಲಿ ಹುಟ್ಟಿತೋ ಆ ವಿಧಾನಕ್ಕೆ ಸೇರಿದ್ದು.

ಆದರೂ ಮೊದಲು ಒಂದೊಂದೇ ಜೀನ್ ನೋಡಿ. ವಯಸ್ಸಾದಂತೆ ನಾಲ್ಕರಲ್ಲಿ ಮೆಥೈಲೇಶನ್ ಏರುತ್ತದೆ, ಸಿ1ಆರ್ಫ್132ರಲ್ಲಿ ಇಳಿಯುತ್ತದೆ. ಮೆಥೈಲ್ ಇಲ್ಲದ ಸಿಯನ್ನು ಟಿ ಆಗಿ ಓದುವಂತೆ ಬದಲಿಸುವ ಬಿಸಲ್ಫೈಟ್ ರಾಸಾಯನಿಕ ಪೂರ್ತಿ ಕೆಲಸ ಮಾಡದಿದ್ದರೆ ಮೆಥೈಲ್ ಇಲ್ಲದ ಸಿ ಕೂಡ ಸಿ ಆಗಿಯೇ ಉಳಿಯುತ್ತದೆ, ಐದೂ ಜೀನ್‌ನ ಶೇಕಡಾ ಮೇಲೇರುತ್ತದೆ. ಆಗ ನಾಲ್ಕು ಜೀನ್ ವಯಸ್ಸನ್ನು ಮೇಲೆ ಎಳೆದರೆ ಐದನೆಯದು ಕೆಳಗೆ ಎಳೆಯುತ್ತದೆ. ನಿಮ್ಮದರಲ್ಲಿ ಹಾಗಿದೆಯಾ? ಸಿಪಿಜಿ (ಸಿ ಪಕ್ಕದಲ್ಲೇ ಜಿ ಇರುವ ಜಾಗ, ಮೆಥೈಲ್ ಆಗುವುದು ಬಹುತೇಕ ಇಲ್ಲೇ) ಅಲ್ಲದ ಜಾಗದ ಒಂದು ಸಿ ಕೂಡ ಓದಿಸಿ. ಅದು ಟಿ ಆಗಿರಲೇಬೇಕು. ಅಲ್ಲಿ ಸಿ ಪೀಕ್ ಉಳಿದಿದ್ದರೆ ಕಿಟ್ ಮತ್ತು ಡಿಎನ್‌ಎ ಶುದ್ಧತೆಯ ಕಡೆ ನೋಡಿ, ಸೂತ್ರದ ಮಾತು ಆಮೇಲೆ.

ಹೇಮಾವತಿ_ತೀರ:
ನೋಡಿದೆ ಸರ್. ಸಿಪಿಜಿ ಅಲ್ಲದ ಜಾಗದಲ್ಲಿ ಸಿ ಪೀಕ್ ಇಲ್ಲ. ಸಿ1ಆರ್ಫ್132 ನಿರೀಕ್ಷೆಗೆ ಹತ್ತಿರ ಇದೆ. ಎಲೋವಲ್2, ಎಫ್‌ಎಚ್‌ಎಲ್2, ಟ್ರಿಮ್59 ಮಾತ್ರ ಮೇಲೆ.

ಹಳೇಬೆಂಚು:
ಹಾಗಾದರೆ ಬಣ್ಣ ಮತ್ತು ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಹಂತ) ಕಡೆಯೇ ಅನುಮಾನ. ಪೂರ್ತಿ ಮೆಥೈಲ್ ಆದ ಡಿಎನ್‌ಎ ಮತ್ತು ಮೆಥೈಲ್ ಇಲ್ಲದ ಡಿಎನ್‌ಎ ಕಂಟ್ರೋಲ್ ಸಿಗುತ್ತವೆ. 0, 25, 50, 75, 100 ಶೇಕಡಾ ಬರುವಂತೆ ಬೆರೆಸಿ. ಬಿಸಲ್ಫೈಟ್ ಹಾಕೋ ಮೊದಲೇ ಬೆರೆಸಿದರೆ ಒಳ್ಳೆಯದು, ಆಗ ಪಿಸಿಆರ್‌ನ ಪಕ್ಷಪಾತವೂ (ಒಂದು ಬಗೆಯ ಪ್ರತಿಯನ್ನೇ ಜಾಸ್ತಿ ಮಾಡುವುದು) ಅದರಲ್ಲೇ ಕಾಣುತ್ತದೆ. ಬೆರೆಸಿದ್ದು ಎಷ್ಟು, ಯಂತ್ರ ತೋರಿಸಿದ್ದು ಎಷ್ಟು ಅಂತ ಪ್ರತಿ ಜೀನ್‌ಗೂ ಬೇರೆ ಸ್ಟ್ಯಾಂಡರ್ಡ್ ಗೆರೆ ಎಳೆಯಿರಿ. ಐದಕ್ಕೂ ಸೇರಿಸಿ ಒಂದೇ ತಿದ್ದುಪಡಿ ಬೇಡ. ಇದಾದ ಮೇಲೂ ಆ ಹಳೆಯ ಸೂತ್ರ ಬಿಟ್ಟು, ಸ್ನ್ಯಾಪ್‌ಶಾಟ್ ಅಂಕಿಗಳ ಮೇಲೇ ಕಟ್ಟಿದ ಮಾದರಿ ಹಿಡಿಯುವುದು ನನಗೆ ಸರಿ ಅನಿಸುತ್ತದೆ. ಇದೇ ಐದು ಜೀನ್‌ಗೆ ಕೊರಿಯಾದ ತಂಡ 2019ರಲ್ಲಿ ಕೊಟ್ಟಿದೆ.

ಕಪ್ಪುಹೊಲ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಬಟ್ಟೆ ಮೇಲಿನ ಒಣಗಿದ ರಕ್ತದ ಕಲೆಯದ್ದು ನನ್ನ ಸಮಸ್ಯೆ. ಒಂದೇ ಎಕ್ಸ್‌ಟ್ರಾಕ್ಟ್ (ಕಲೆಯಿಂದ ತೆಗೆದ ಡಿಎನ್‌ಎ), ಎರಡು ರನ್. ಒಂದರಲ್ಲಿ 31, ಇನ್ನೊಂದರಲ್ಲಿ 46. ಇದಕ್ಕೂ ಸ್ಟ್ಯಾಂಡರ್ಡ್ ಗೆರೆ ಸಾಕಾ?

ಹಳೇಬೆಂಚು:
ಸಾಕಾಗಲ್ಲ. ನಿಮ್ಮ ತೊಂದರೆ ಬೇರೆ, ಡಿಎನ್‌ಎ ಕಮ್ಮಿ ಇದೆ. 1 ನ್ಯಾನೋಗ್ರಾಂನಲ್ಲಿ ಒಂದು ಜೀನ್‌ನ ಪ್ರತಿಗಳು ಸುಮಾರು 300. ಬಿಸಲ್ಫೈಟ್ ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತದೆ, ತೊಳೆಯುವಾಗಲೂ ಒಂದಷ್ಟು ಹೋಗುತ್ತದೆ. ಕೊನೆಗೆ ಪಿಸಿಆರ್‌ಗೆ 20 ಪ್ರತಿ ಮಾತ್ರ ಸಿಕ್ಕವು ಅಂದುಕೊಳ್ಳಿ. ಒಂದೇ ಒಂದು ಪ್ರತಿ ಆಚೀಚೆ ಆದರೆ 5 ಶೇಕಡಾ ಬದಲಾಯಿತು. ರಕ್ತದಲ್ಲಿ ಎಲೋವಲ್2 ಹುಟ್ಟಿದಾಗ ಸುಮಾರು 7 ಶೇಕಡಾ ಇದ್ದದ್ದು 90 ದಾಟುವ ಹೊತ್ತಿಗೆ 90ರ ಆಸುಪಾಸಿಗೆ ಹೋಗುತ್ತದೆ. ವರ್ಷಕ್ಕೆ ಒಂದು ಶೇಕಡಾವೂ ಪೂರ್ತಿ ಇಲ್ಲ. ಲೆಕ್ಕ ಹಾಕಿ, ಎರಡು ಮೂರು ಪ್ರತಿ ಆಕಸ್ಮಿಕವಾಗಿ ತಪ್ಪಿಹೋದರೆ ಹತ್ತು ಹದಿನೈದು ವರ್ಷದ ವ್ಯತ್ಯಾಸ ಬಂದೇ ಬರುತ್ತದೆ.

ಬಿಸಲ್ಫೈಟ್‌ಗೆ ಹಾಕೋ ಮೊದಲು ಅಳೆಯಿರಿ, ಹಾಕಿದ ಮೇಲೂ ಅಳೆಯಿರಿ. ಪಿಸಿಆರ್ ಹಲವು ಸಲ ಬೇರೆ ಬೇರೆ ಮಾಡಿ ಸರಾಸರಿ ನೋಡಿ. ಅಂಕಿಗಳು ಇಷ್ಟು ದೂರ ದೂರ ನಿಂತರೆ ವಯಸ್ಸು ಹೇಳಲು ಆಗಲಿಲ್ಲ ಅಂತಲೇ ವರದಿ ಬರೆಯಿರಿ. 31 ಮತ್ತು 46ರ ಸರಾಸರಿ 38 ಅಂತ ಬರೆದರೆ ತನಿಖೆ ಮಾಡುವವರು ಸುಮ್ನೆ ಅದನ್ನೇ ನಂಬಿ ತಪ್ಪು ಮನುಷ್ಯನ ಹಿಂದೆ ಹೋಗುತ್ತಾರೆ.

ನೀರ್ದೋಸೆ_77:
ಎಂಜಲಿಗೂ ಇದೇ ಐದು ಜೀನ್ ನಡೆಯುತ್ತಾ?

ಹಳೇಬೆಂಚು:
ರಕ್ತದ ಸೂತ್ರ ಹಾಗೇ ಹಾಕಬೇಡಿ. ಎಂಜಲಿನಲ್ಲಿ ಬಿಳಿ ರಕ್ತಕಣ, ಬಾಯಿಯ ಒಳಪದರದ ಕಣ ಎರಡೂ ಇರುತ್ತವೆ. ಯಾವುದು ಎಷ್ಟು ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆನ್ನೆಯ ಸ್ವ್ಯಾಬ್ ಅಂದರೆ ಮತ್ತೆ ಬೇರೆ. ಎಂಜಲಿನ ಮಾದರಿಗಳಲ್ಲಿ ಕಣಗಳ ಪಾಲು ಹೇಳುವ ಪಿಟಿಪಿಎನ್7 ಥರದ ಗುರುತು ಸೇರಿಸಿರುವುದು ಇದಕ್ಕೇ. ವೀರ್ಯಕ್ಕಂತೂ ಜೀನ್‌ಗಳೇ ಬೇರೆ.

ನೀರ್ದೋಸೆ_77:
ಇದರಿಂದ ಒಬ್ಬರಿಗೆ 18 ತುಂಬಿದೆಯಾ ಇಲ್ಲವಾ ಅಂತ ಹೇಳಬಹುದಾ?

ಹಳೇಬೆಂಚು:
ಇಲ್ಲ. ಒಳ್ಳೆಯ ಲ್ಯಾಬ್‌ನಲ್ಲೂ ಸರಾಸರಿ ತಪ್ಪು 3ರಿಂದ 4 ವರ್ಷ. 17ನ್ನೂ 19ನ್ನೂ ಅದು ಬೇರೆ ಮಾಡಲಾರದು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ಶಾಲೆಯ ದಾಖಲೆ ಕೇಳುತ್ತದೆ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಒಂದು ಮಗುವಿನ ಬದುಕು ನಿಂತಿರುವ ಪ್ರಶ್ನೆಗೆ ಇಷ್ಟು ಅಗಲದ ಉತ್ತರ ಸಲ್ಲದು. ಯಾರದ್ದೆಂದೇ ಗೊತ್ತಿಲ್ಲದ ರಕ್ತದ ಕಲೆ ಸಿಕ್ಕಾಗ ಹುಡುಕಾಟವನ್ನು 30ರಿಂದ 40ರೊಳಗಿನವರಿಗೆ ಇಳಿಸಲು ಇದು ನಿಜವಾಗಿಯೂ ನೆರವಾಗುತ್ತದೆ.

ಹೇಮಾವತಿ_ತೀರ:
ಗೆರೆ ಎಳೆದೆ ಸರ್. ಎಲೋವಲ್2, ಎಫ್‌ಎಚ್‌ಎಲ್2 ಹತೋಟಿಗೆ ಬಂದವು. ತುಂಬಾ ಥ್ಯಾಂಕ್ಸ್. ಟ್ರಿಮ್59 ಮಾತ್ರ 25ರ ಸ್ಟ್ಯಾಂಡರ್ಡ್‌ಗೇ 60 ತೋರಿಸುತ್ತಿದೆ.

ಹಳೇಬೆಂಚು:
ಅಷ್ಟು ಬಾಗಿದ ಗೆರೆಯನ್ನು ಲೆಕ್ಕದಲ್ಲಿ ತಿದ್ದಬೇಡಿ. ನಿಮ್ಮ ಪ್ರೈಮರ್ (ಪ್ರತಿ ಮಾಡುವುದು ಶುರುವಾಗಲು ಡಿಎನ್‌ಎಗೆ ಅಂಟುವ ಸಣ್ಣ ತುಂಡು) ಕೂರುವ ಜಾಗದಲ್ಲಿ ಇನ್ನೊಂದು ಸಿಪಿಜಿ ಇದೆಯಾ ನೋಡಿ. ಇದ್ದು, ಅಲ್ಲಿ ಪ್ರೈಮರ್‌ನಲ್ಲಿ ಬರೀ ಸಿಗೆ ಹೊಂದುವ ಬೇಸ್ ಬರೆಸಿದ್ದರೆ, ಅದು ಮೆಥೈಲ್ ಆದ ಪ್ರತಿಗಳಿಗೇ ಜಾಸ್ತಿ ಅಂಟುತ್ತದೆ. ಆ ಜಾಗಕ್ಕೆ ಎರಡೂ ಬೇಸ್ ಬೆರೆಸಿದ ಪ್ರೈಮರ್ ಆರ್ಡರ್ ಮಾಡಿ, ಇಲ್ಲವೇ ಪ್ರೈಮರನ್ನು ಇನ್ನೊಂದು ಎಳೆಯ ಕಡೆಯಿಂದ ಕಟ್ಟಿ. ಪ್ರೈಮರ್ ಸೀಕ್ವೆನ್ಸ್ ಇಲ್ಲಿ ಹಾಕಿದರೆ ನಾನೂ ಒಮ್ಮೆ ನೋಡುತ್ತೇನೆ.