ಕಣ್ಣಿಗೆ ಪೆಟ್ಟು ಬಿದ್ದಾಗ: ಕಣ್ಣಿನ ಡಾಕ್ಟರಿಗೆ ಪ್ರಶ್ನೆಗಳು

ಅಡ್ಮಿನ್: ಸಮುದಾಯ ಕಣ್ಣಿನ ಕ್ಲಿನಿಕ್ಕಿನ ಡಾಕ್ಟರ್ ಇವತ್ತು ಉತ್ತರಿಸುತ್ತಾರೆ. ಕಡಿಮೆ ಖರ್ಚಿನಲ್ಲಿ ಅಲ್ಲಿ ಏನಾಗುತ್ತೆ, ಏನಾಗಲ್ಲ ಅಂತ ಕೇಳಿ. ಫಾರ್ವರ್ಡ್ ಬೇಡ.

ತೋಟದ ಕೆಲಸ: ಮೇಡಂ, ಒಣ ಎಲೆಯ ತುದಿ ತಾಗಿ ಕಣ್ಣು ಗೀರಿದೆ. ದೊಡ್ಡ ಆಸ್ಪತ್ರೆಗೇ ಹೋಗ್ಬೇಕಾ?

ಡಾಕ್ಟರ್: ಹತ್ತಿರದ ಕ್ಲಿನಿಕ್ ಸಾಕು, ಆದರೆ ಇವತ್ತೇ ಹೋಗಿ. ಫ್ಲೋರೆಸೀನ್ ಅನ್ನೋ ಬಣ್ಣದ ಪಟ್ಟಿ ತಾಗಿಸಿ ನೀಲಿ ಬೆಳಕಲ್ಲಿ ನೋಡಿದರೆ ಗೀರು ಹಸಿರಾಗಿ ಹೊಳೆಯುತ್ತೆ. 1% ಕ್ಲೋರಾಂಫೆನಿಕಾಲ್ ಆಂಟಿಬಯಾಟಿಕ್ ಮುಲಾಮು, ದಿನಕ್ಕೆ 3 ಸಲ, 3 ದಿನ. ನೇಪಾಳದ ಭಕ್ತಪುರದ ಅಧ್ಯಯನದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರು ಕೊಟ್ಟಿದ್ದು ಇದನ್ನೇ. 18 ಗಂಟೆಯೊಳಗೆ ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಆದದ್ದು ತಡ ಮಾಡಿದವರಿಗೆ. ಗೀರಿನ ಜಾಗದಲ್ಲಿ ಬಿಳಿ ಚುಕ್ಕೆ ಕಂಡರೆ ಮಾತ್ರ ದೊಡ್ಡ ಆಸ್ಪತ್ರೆ.

ಸದಸ್ಯ 4: ಎದೆಹಾಲು 2 ಹನಿ ಬಿಟ್ರೆ ಗೀರು ಮಾಯ! ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಯಾರಿಗೂ ಕಳಿಸಬೇಡಿ. ಹಾಲಾಗಲಿ ಜೇನಾಗಲಿ ಸ್ಟೆರೈಲ್ ಅಲ್ಲ. ಗೀರಿದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಹಾಕಿದರೆ ಸೋಂಕನ್ನು ನೀವೇ ಕರೆದಂತೆ.

ವರ್ಕ್‌ಶಾಪ್: ಉಳಿಗೆ ಸುತ್ತಿಗೆ ಹೊಡೆಯುವಾಗ ನಮ್ಮ ಹುಡುಗನ ಕಣ್ಣಿಗೆ ಏನೋ ಚುಚ್ಚಿದ ಹಾಗಾಯ್ತಂತೆ. ಈಗ ನೋವಿಲ್ಲ, ಚಾರ್ಟಲ್ಲಿ 6/9 ಓದ್ತಾನೆ, ಅಂದ್ರೆ ನೋಟ ಹೆಚ್ಚುಕಡಿಮೆ ಸರಿ, ಬಿಳಿಗುಡ್ಡೆ ಮೇಲೆ ಸಣ್ಣ ಕೆಂಪು ಚುಕ್ಕೆ ಅಷ್ಟೆ. ತೊಳೆದು ಮುಲಾಮು ಹಚ್ಚಿದ್ರೆ ಸಾಕಲ್ವಾ?

ಡಾಕ್ಟರ್: ಎರಡೂ ಬೇಡ! ನೋವಿಲ್ಲ ಅನ್ನೋದಕ್ಕೇ ನನಗೆ ಭಯ. ಹೊಡೆತಕ್ಕೆ ಅಣಬೆಯ ಹಾಗೆ ಹರಡಿದ ಉಳಿಯ ತಲೆಯಿಂದ ಸಿಡಿಯುವ ಚೂರು ಸಣ್ಣದು, ಚೂಪು, ವೇಗ ವಿಪರೀತ. ಒಳಗೆ ನುಗ್ಗಿದ ಮೇಲೆ ತೂತು ತಾನೇ ಮುಚ್ಚಿಕೊಳ್ಳುತ್ತೆ, ಹೊರಗೆ ಆ ಚುಕ್ಕೆಯಷ್ಟೇ ಉಳಿಯುತ್ತೆ. ಪಾಪೆ ಒಂದು ಕಡೆಗೆ ಎಳೆದುಕೊಂಡು ನೀರಿನ ಹನಿಯ ಆಕಾರಕ್ಕೆ ಬಂದಿದೆಯಾ ನೋಡಿ. ದುಂಡಗಿದ್ದರೂ ಚೂರಿಲ್ಲ ಅಂತಲ್ಲ. ರೆಪ್ಪೆ ಒತ್ತಬೇಡಿ, ಹತ್ತಿ ಪಟ್ಟಿ ಕಟ್ಟಬೇಡಿ. ಪೇಪರ್ ಕಪ್ಪಿನ ತಳಭಾಗ ಕತ್ತರಿಸಿ ಕಣ್ಣಿಗೆ ತಾಗದಂತೆ ಮುಚ್ಚಿ, ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಮೂಳೆ ಮೇಲೆ ಕೂರುವಂತೆ ಟೇಪ್ ಹಾಕಿ. ಅರಿವಳಿಕೆ ಬೇಕಾಗಬಹುದು, ಊಟ ನೀರು ಕೊಡಬೇಡಿ. ಕಣ್ಣಿನ ಆಪರೇಷನ್ ಮಾಡುವ ಆಸ್ಪತ್ರೆಗೇ ನೇರ ಹೋಗಿ, ಧನುರ್ವಾಯು ಇಂಜೆಕ್ಷನ್ (ಟಿಟಿ) ಅಲ್ಲೇ ಕೇಳಿ. ಎಕ್ಸ್‌ರೇ ಅಥವಾ ಸಿಟಿ ಸರಿ, ಎಂಆರ್‌ಐ ಮಾತ್ರ ಕೂಡದು: ಕಬ್ಬಿಣ ಅಯಸ್ಕಾಂತಕ್ಕೆ ಒಳಗೇ ಅಲುಗಾಡುತ್ತೆ. ಸೋಂಕಾಗದಿದ್ದರೂ ಆ ಕಬ್ಬಿಣ ಕರಗುತ್ತಾ ಕಣ್ಣಿನ ಹಿಂಭಾಗದ ಪರದೆ ರೆಟಿನಾವನ್ನು ಹಾಳು ಮಾಡುತ್ತೆ. ಯಾವಾಗ ಆದದ್ದು?

ವರ್ಕ್‌ಶಾಪ್: ನಿನ್ನೆ ಸಂಜೆ.

ಡಾಕ್ಟರ್: ಹಾಗಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ.

ವೆಲ್ಡರ್: ವೆಲ್ಡಿಂಗ್ ಉರಿಗೆ ಕ್ಲಿನಿಕ್ಕಲ್ಲಿ ಹಾಕ್ತಾರಲ್ಲ, ಆ ಮರಗಟ್ಟಿಸೋ ಡ್ರಾಪ್ಸ್ ಮನೆಗೆ ಕೊಡ್ತಾರಾ?

ಡಾಕ್ಟರ್: ಕೊಡಲ್ಲ. ಪದೇ ಪದೇ ಹಾಕಿದರೆ ಗಾಯ ಮಾಯಲ್ಲ, ಕಾರ್ನಿಯಾ ಕರಗುತ್ತೆ.

ಗಾರೆ ಮೇಸ್ತ್ರಿ: ಸುಣ್ಣ ಬಿದ್ರೆ ವಿನೆಗರ್ ಹಾಕಿ ಅಂತ ಒಂದು ಮೆಸೇಜ್ ಬಂದಿದೆ...

ಡಾಕ್ಟರ್: ಡಿಲೀಟ್ ಮಾಡಿ. ಮೊದಲು 30 ನಿಮಿಷ ಸುರಿಯುವ ನೀರು, ಆಮೇಲೆ ಕ್ಲಿನಿಕ್. ಅಲ್ಲಿ ಮೇಲ್ರೆಪ್ಪೆ ತಿರುವಿ ಒದ್ದೆ ಹತ್ತಿಕಡ್ಡಿಯಿಂದ ಸುಣ್ಣದ ಕಾಳು ತೆಗೆಸಿಕೊಳ್ಳಿ. ಒಂದು ಕಾಳು ಉಳಿದರೂ ಸುಡುತ್ತಲೇ ಇರುತ್ತೆ. ಲಿಟ್ಮಸ್‌ನಲ್ಲಿ ಪಿಹೆಚ್ 7ರ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಆಸುಪಾಸಿಗೆ ಬಂದು ನಿಲ್ಲುವವರೆಗೂ ತೊಳೆಯಬೇಕು.

ಮೆಡಿಕಲ್ ಶಾಪ್: ಇಷ್ಟೆಲ್ಲ ಯಾಕ್ರೀ? ಡೆಕ್ಸಾ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದ್ರೆ ಒಂದೇ ದಿನಕ್ಕೆ ಕೆಂಪು ಇಳಿಯುತ್ತೆ.

ಆಪ್ಟೋಮೆಟ್ರಿಸ್ಟ್: ಕೆಂಪು ಇಳಿಯುತ್ತೆ, ಫಂಗಸ್ ಏರುತ್ತೆ. ಎಲೆ, ಕಡ್ಡಿಯ ಗೀರಿಗೆ ಸ್ಟೆರಾಯ್ಡ್ ಬಿಟ್ಟರೆ ಆಮೇಲೆ ಹುಣ್ಣು ಕೆರೆದು, ಕೆಒಹೆಚ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಫಂಗಸ್ ಎಳೆ ಹುಡುಕಿ, ಫಂಗಸ್ ಕೊಲ್ಲುವ 5% ನಟಮೈಸಿನ್ ಡ್ರಾಪ್ಸ್ ಗಂಟೆಗೊಂದು ಸಲ, ಅದೂ ವಾರಗಟ್ಟಲೆ ಹಾಕಬೇಕು. ನೀವು ಉಳಿಸಿಕೊಟ್ಟ ದುಡ್ಡು ಇಷ್ಟೇ.

ಮೆಡಿಕಲ್ ಶಾಪ್: ನೀವೇನ್ ಡಾಕ್ಟರಾ? ಕನ್ನಡಕ ಕೊಡೋರು.

ಆಪ್ಟೋಮೆಟ್ರಿಸ್ಟ್: ಚೀಟಿ ನೋಡಿಯಾದ್ರೂ ಕೊಡ್ತೀವಲ್ಲ ಸ್ವಾಮಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಸದಸ್ಯ 9: ಕಣ್ಣು ಅದುರೋದಕ್ಕೂ ಕ್ಲಿನಿಕ್ಕಲ್ಲಿ ನೋಡ್ತಾರಾ?

ಸದಸ್ಯ 11: ಗೀರಿಗೆ ಎದೆಹಾಲು ಒಳ್ಳೇದಂತೆ, ಹೌದಾ ಮೇಡಂ?

ಡಾಕ್ಟರ್: ಮೇಲೆ ಓದಿ. ವರ್ಕ್‌ಶಾಪ್‌ನವರೇ, ಹೊರಟ್ರಾ?

ವರ್ಕ್‌ಶಾಪ್: ಬಸ್ಸಲ್ಲಿದ್ದೀವಿ ಮೇಡಂ. ಕಪ್ ಟೇಪ್ ಹಾಕಿದೆ. ನೀರು ಕೇಳ್ತಿದಾನೆ.

ಡಾಕ್ಟರ್: ತುಟಿ ಒದ್ದೆ ಮಾಡಿ, ಅಷ್ಟೆ.