“5,000 ನಗದಿಗೆ ತೆರಿಗೆ ಇಲ್ಲ” ಅನ್ನೋ ಪೋಸ್ಟರ್: ನಮ್ಮ ಮನೆ ಗುಂಪಿನ ಚರ್ಚೆ

ದಾವಣಗೆರೆ, 14 ಅಕ್ಟೋಬರ್ 2025

ಮಂಡಿಪೇಟೆ ಮಾವ, 7:42
(ಫಾರ್ವರ್ಡ್ ಆದ ಚಿತ್ರ: “ದೀಪಾವಳಿಗೆ ನೌಕರರಿಗೆ 5,000 ವರೆಗೆ ನಗದು ಕೊಡಿ, ತೆರಿಗೆ ಇಲ್ಲ!”)
ಭಾವ, ಗಿರಣಿಯಾಗೆ ಹಿಂಗೇ ಮಾಡಿಬಿಡ್ರಿ. ಕವರಿಗೆ ಹಾಕಿ ಕೊಟ್ರೆ ಮುಗೀತು.

ಅಕ್ಕ, 7:50
ಮಾವ, ಇದು ತಪ್ಪು, ದಯವಿಟ್ಟು ಮುಂದೆ ಕಳಿಸಬೇಡ್ರಿ. ವಿನಾಯಿತಿ ಇರೋದು ವಸ್ತುವಿಗೆ, ವಸ್ತು ತಗೊಳ್ಳೋ ವೋಚರಿಗೆ. ನಗದು, ಯುಪಿಐ, ಗಿಫ್ಟ್ ಚೆಕ್ ಕೊಟ್ರೆ ಮೊದಲ ರೂಪಾಯಿಯಿಂದಲೇ ಸಂಬಳಕ್ಕೆ ಸೇರ್ತದೆ.
2025-26ರ ಈ 5,000 ಮಿತಿ ಒಂದು ಹಬ್ಬಕ್ಕಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಟ್ಟಿಗೆ. ಆಯುಧಪೂಜೆಗೆ ಕೊಟ್ಟ ಸ್ಟೀಲ್ ಡಬ್ಬಿ, ನೌಕರರ ಹೆಂಡತಿಗೆ ಕೊಟ್ಟ ಸೀರೆ ಎಲ್ಲ ಅದರೊಳಗೇ. ಮುಂದಿನ ಯುಗಾದಿ 2026ರ ಮಾರ್ಚ್ 19ಕ್ಕೆ, ಅದೂ ಇದೇ ವರ್ಷದ ಲೆಕ್ಕ. ನಿಯಮದಲ್ಲಿರೋದು “5,000ಕ್ಕಿಂತ ಕಡಿಮೆ” ಅಂತ. ಜಿಎಸ್‌ಟಿ ಸೇರಿ 4,900 ದಾಟದಂಗೆ ನೋಡ್ಕೊಳ್ರಿ.

ದೊಡ್ಡಪ್ಪ, 8:05
18,000 ಸಂಬಳದೋನಿಗೆ ಎಲ್ಲಿಯ ತೆರಿಗೆನವ್ವ? ಅವನಿಗೆ ಬೇಕಾಗಿರೋದು ರೊಕ್ಕ, ಗಾಜಿನ ಸೆಟ್ ಅಲ್ಲ.

ಅಕ್ಕ, 8:11
ಖರೇ ದೊಡ್ಡಪ್ಪ. ಅವರಿಗೆ ನಗದೇ ಕೊಡ್ರಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12,75,000 ಸಂಬಳದವರೆಗೆ ತೆರಿಗೆ ಸೊನ್ನೆ. ಆದ್ರೆ ಬ್ಯಾಂಕಿಗೆ ಹಾಕಿ, ಸಂಬಳ ಚೀಟಿಯಲ್ಲಿ ‘ಹಬ್ಬದ ಇನಾಮು’ ಅಂತ ಬರೆಸ್ರಿ. ಕವರಲ್ಲಿ ಕೊಟ್ಟು ಲೆಕ್ಕದಲ್ಲಿ ‘ಸಿಹಿ ಖರ್ಚು’ ಅಂತ ತೋರಿಸೋದು ಬೇಡ.
ತೊಂದರೆ ಮ್ಯಾನೇಜರ್‌ದು. ವರ್ಷಕ್ಕೆ 13,00,000 ಸಂಬಳ ಅಂತ ಇಟ್ಕೊಳ್ರಿ. ಅವರಿಗೆ 5,000 ನಗದು ಕೊಟ್ರೆ 5,200 ತೆರಿಗೆ ಏರ್ತದೆ.

ಮಂಡಿಪೇಟೆ ಮಾವ, 8:14
ಕೊಟ್ಟಿದ್ದಕ್ಕಿಂತ ತೆರಿಗೆನೇ ಜಾಸ್ತಿನಾ? ಲೆಕ್ಕ ತಪ್ಪೈತೆ ನೋಡು.

ಅಕ್ಕ, 8:20
ಇಲ್ಲ ಮಾವ. ಸಂಬಳದೋರಿಗೆ ಸಿಗೋ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ್ರೆ 12,25,000. 12 ಲಕ್ಷ ದಾಟಿದ ಹೊಸ್ತಿಲಲ್ಲಿ, ಎಷ್ಟು ದಾಟಿದ್ರೋ ಅಷ್ಟೇ ತೆರಿಗೆ: 25,000, ಮೇಲೆ 4% ಸೆಸ್, ಒಟ್ಟು 26,000. 5,000 ಸೇರಿಸಿದ್ರೆ 30,000 ಮತ್ತು ಸೆಸ್, 31,200. ಆ 75,000 ಕಳೆದ ಮೇಲೆ ಸುಮಾರು 12,70,000 ಆದಾಯದವರೆಗೂ ಹಿಂಗೇ. ಅದೇ 4,900ರ ವಸ್ತು ಕೊಟ್ರೆ ಒಂದು ಪೈಸೆ ಏರಲ್ಲ.

ಮಂಡಿಪೇಟೆ ಮಾವ, 8:26
ಹಂಗಾದ್ರೆ ನಮ್ಮ ಅಂಗಡಿ ಸೀರೆನೇ ಕೊಡಾನ. ನೌಕರರಿಗೆ 50,000 ವರೆಗೆ ಜಿಎಸ್‌ಟಿ ಇಲ್ಲ ಅಂತಾರಲ್ಲ.

ಅಕ್ಕ, 8:31
ಅದು ಕೊಡುವಾಗಿನ ತೆರಿಗೆ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನ ಮುರ್ಕೊಳ್ಳೋಕೆ ತಗೊಂಡ ಕ್ರೆಡಿಟ್ ಬೇರೆ, ಉಡುಗೊರೆ ಕೊಟ್ಟ ಮಾಲಿಗೆ ಅದು ಸಿಗಲ್ಲ, ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್). 2,400ರ ಸೀರೆಗೆ 5% ಅಂದ್ರೆ 120. 12 ಸೀರೆಗೆ 1,440. ಜಿಎಸ್‌ಟಿ ರಿಟರ್ನ್ 3ಬಿಯ 4(ಬಿ)(1) ಕಾಲಂನಲ್ಲಿ ವಾಪಸ್ ತೋರಿಸ್ರಿ. ಇದನ್ನೇ ಎಲ್ಲರೂ ಮರೆಯೋದು, ಆಮೇಲೆ ಬಡ್ಡಿ ಸಮೇತ ಕಟ್ಟೋದು.

ದೊಡ್ಡಪ್ಪ, 8:40
ಈ ಇನಾಮನ್ನ ಬೋನಸ್‌ನಾಗೆ ಮುರ್ಕೊಳ್ಳಬಹುದಾ?

ಅಕ್ಕ, 8:47
ಸೀರೆ, ಸಿಹಿ ಮುರಿಯೋ ಹಂಗಿಲ್ಲ ದೊಡ್ಡಪ್ಪ. 20 ಜನ ದಾಟಿದ ಗಿರಣಿ ನಮ್ಮದು. 21,000 ಒಳಗಿನ ಸಂಬಳದೋರು, ವರ್ಷದಲ್ಲಿ 30 ದಿನ ದುಡಿದಿದ್ರೆ 8.33% ಬೋನಸ್ ಅವರ ಹಕ್ಕು. 7,000 ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ. ತಿಂಗಳಿಗೆ 13,000 ಲೆಕ್ಕಕ್ಕೆ ಬಂದ್ರೆ ವರ್ಷಕ್ಕೆ 12,995. ಮಾರ್ಚ್‌ಗೆ ಮುಗಿದ ವರ್ಷದ್ದನ್ನ ನವೆಂಬರ್ 30ರೊಳಗೆ ಕೊಡಲೇಬೇಕು. ಹಬ್ಬದ ಮುಂಚೆನೇ ಹಾಕಿಬಿಡ್ರಿ, ಮನೆ ಖರ್ಚಿಗಾಗ್ತದೆ.

ದೊಡ್ಡಪ್ಪ, 8:52
ಶನಿವಾರ ಬೋನಸ್ ಹಾಕಿಸ್ತೀನಿ. ಮ್ಯಾನೇಜರ್‌ಗೆ ಆಯುಧಪೂಜೆಗೆ 1,150ರ ಡಬ್ಬಿ ಸೆಟ್ ಹೋಗೈತೆ. ಹಂಗಾದ್ರೆ ಈಗ 3,000, ಯುಗಾದಿಗೆ 750. ಸರಿನಾ?

ಅಕ್ಕ, 8:53
ಸರಿ ದೊಡ್ಡಪ್ಪ. ಬಿಲ್ ನಂಬರ್ ಬರೆದು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸ್ಕೊಳ್ರಿ.

ಮಂಡಿಪೇಟೆ ಮಾವ, 8:55
ಈ ಸಂದೇಶ ಅಳಿಸಲಾಗಿದೆ.